ಅಮ್ಮನ ಹಳೇ ಮೆಷಿನ್ನು, ಎಡಗೈ ಮಗಳು

ಮನೆಯಲ್ಲೇ ಹೊಲಿಗೆ ಶುರುಮಾಡಬೇಕು, ಮಗುವಿಗೂ ಕಲಿಸಬೇಕು ಅಂದುಕೊಂಡು ಅಟ್ಟದ ಮೇಲಿನ ಹಳೇ ಮೆಷಿನ್ನಿನ ಕಡೆ ಕಣ್ಣು ಹಾಯಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಏಪ್ರಿಲ್ ರಜೆಯಲ್ಲಿ ಕೈಹಾಕಿದ ಕೆಲಸ ನಮ್ಮ ಮನೆಯಲ್ಲಿ ಒಂದು ಹದಕ್ಕೆ ಬರುವಾಗ ದಸರಾ ಬಂದಿತ್ತು. ನಡುವೆ ಓಡಾಟ, ಕಾಯುವುದು, ಜಗಳ, ಬೆರಳ ತುದಿಯ ರಕ್ತ ಎಲ್ಲವೂ ಆಯಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮೊದಲ ವರ್ಷ ದುಡ್ಡು ಉಳಿಯುವುದಿಲ್ಲ. ಉಳಿಯುತ್ತದೆ ಅನ್ನುವವರು ಕತ್ತರಿ, ದಾರ, ಕೆಟ್ಟುಹೋದ ಬಟ್ಟೆಯ ಲೆಕ್ಕ ಬರೆದಿಟ್ಟಿರುವುದಿಲ್ಲ.

ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಮಗಳಿಗೆ ಏಳು ವರ್ಷ, ಮಗ ಹೈಸ್ಕೂಲು, ಜೊತೆಗೆ ಅತ್ತೆ. ಐದು ಜನರ ಮನೆಯಲ್ಲಿ ವಾರಕ್ಕೊಂದು ಬಟ್ಟೆಯಾದರೂ ಬಿಚ್ಚಿಕೊಳ್ಳುತ್ತದೆ. ನೈಟಿಯ ಬದಿ, ಪ್ಯಾಂಟಿನ ಕೆಳಗಿನ ಮಡಿಕೆ, ದಿಂಬಿನ ಕವರಿನ ಮೂಲೆ. ಮದುವೆ ಸೀಸನ್ನಿನಲ್ಲಿ ಇವನ್ನು ಚೀಲದಲ್ಲಿ ತುಂಬಿಕೊಂಡು ಟೈಲರ್ ಹತ್ತಿರ ಹೋದರೆ, "ಬ್ಲೌಸ್ ಇದ್ರೆ ಕೊಡಿ ಮೇಡಂ, ಆಲ್ಟ್ರೇಷನ್ ಈಗ ತಗಳಲ್ಲ" ಅನ್ನುತ್ತಾರೆ. ಅವರ ಮಾತೂ ಸರಿಯೇ. ಅರವತ್ತು ರೂಪಾಯಿಯ ಕೆಲಸಕ್ಕೆ ಹೊಲಿಗೆ ಬಿಚ್ಚಬೇಕು, ಅದೇ ಬಣ್ಣದ ದಾರ ಹುಡುಕಬೇಕು, ಬಾಬಿನ್ (ಅಡಿಯ ದಾರ ಸುತ್ತಿಡುವ ಪುಟ್ಟ ಉರುಳೆ) ಬದಲಿಸಬೇಕು. ಅಷ್ಟು ಹೊತ್ತಿನಲ್ಲಿ ಐನೂರರ ಲೈನಿಂಗ್ ಬ್ಲೌಸ್ ಅರ್ಧ ಆಗಿರುತ್ತದೆ.

ಹೊಸ ಮೆಷಿನ್ ವಿಚಾರಿಸಿದೆ. ಕಾಲಿನಲ್ಲಿ ತುಳಿಯುವುದು ಸ್ಟ್ಯಾಂಡು ಸೇರಿ ಏಳೆಂಟು ಸಾವಿರ. ಕರೆಂಟಿನದು, ಜಿಗ್‌ಜಾಗ್ (ಅಂಕುಡೊಂಕು ಹೊಲಿಗೆ) ಇರುವಂಥದ್ದು, ಹತ್ತು ಸಾವಿರ ದಾಟುತ್ತದೆ. ಹೋಗಲಿ, ಪಾಂಡವಪುರದ ನಮ್ಮಮ್ಮನ ಮನೆಯಲ್ಲಿ ಕಪ್ಪು ತಲೆಯ ಹಳೇ ಮೆಷಿನ್ ಇದೆಯಲ್ಲ ಅಂತ ಫೋನ್ ಮಾಡಿದರೆ ಅಮ್ಮ ನಕ್ಕರು. "ಅದೇನ್ ಮಾಡೀಯೆ ಬುಡವ್ವ, ತುಕ್ ಹಿಡ್ದು ಕುಂತದೆ. ಬೇಕಾದ್ರೆ ತಗಂಡೋಗು, ನಂಗೂ ಜಾಗ ಆಯ್ತದೆ."

ಹಳೇ ಮೆಷಿನ್ ಸಾಗಿಸುವವರಿಗೆ ಒಂದು ಮಾತು. ಇಡೀ ಮೆಷಿನ್ನನ್ನು ಎತ್ತಲು ಹೋಗಬೇಡಿ. ತಲೆಯನ್ನು ಹಿಂದಕ್ಕೆ ಮಗುಚಿದರೆ ಎರಡು ಕೀಲು ಕಾಣುತ್ತವೆ, ಒಂದೊಂದಕ್ಕೂ ಒಂದು ಸ್ಕ್ರೂ. ಬೆಲ್ಟ್ ಕಳಚಿ ಆ ಎರಡು ಸ್ಕ್ರೂ ಸಡಿಲಿಸಿದರೆ ತಲೆ ಕೈಗೆ ಬರುತ್ತದೆ. ಅದೊಂದೇ ಹತ್ತು ಹನ್ನೆರಡು ಕೆಜಿ. ಬಾಬಿನ್ ಕೇಸನ್ನು ತೆಗೆದು ಬೇರೆ ಡಬ್ಬಿಯಲ್ಲಿಡಿ, ಅದು ಬಿದ್ದುಹೋದರೆ ಹುಡುಕುವುದು ಕಷ್ಟ. ನಾವು ತಲೆಯನ್ನು ದುಪ್ಪಟಿಯಲ್ಲಿ ಸುತ್ತಿ ಕಾಲ ಬಳಿ ಇಟ್ಟುಕೊಂಡು ರೈಲಿನಲ್ಲಿ ಬಂದೆವು. ಬೀಡುಕಬ್ಬಿಣದ ಸ್ಟ್ಯಾಂಡು ಮಾತ್ರ ಊರಿನಿಂದ ರಾಗಿ ಮೂಟೆ ತರುವ ಟೆಂಪೋ ಬರುವವರೆಗೂ ಅಮ್ಮನ ಜಗುಲಿಯಲ್ಲೇ ಕಾಯಿತು. ಆ ಟೆಂಪೋ ಬರುವ ಹೊತ್ತಿಗೆ ಮಗಳ ಬೇಸಿಗೆ ರಜೆಯ ಅರ್ಧ ಕಳೆದಿತ್ತು.

ರಿಪೇರಿಗೆ ಸಂತೇಪೇಟೆ ಕಡೆಯ ಗಲ್ಲಿಯೊಂದಕ್ಕೆ ತೆಗೆದುಕೊಂಡು ಹೋದೆ. ಅಂಗಡಿಯ ಯಜಮಾನರು ಚಕ್ರ ತಿರುಗಿಸಿ ನೋಡಿದರು, ಅಲ್ಲಾಡಲಿಲ್ಲ. ಎಣ್ಣೆ ಬಿಡುವ ತೂತನ್ನು ಮೂಸಿ, "ಕೊಬ್ರಿ ಎಣ್ಣೆ ಬಿಟ್ಟವ್ರಲ್ಲಮ್ಮ ಇದಕ್ಕೆ" ಅಂದರು. ಅಜ್ಜಿಯ ಕಾಲದಿಂದಲೂ ಕೈಗೆ ಸಿಕ್ಕ ಎಣ್ಣೆಯನ್ನೇ ಬಿಡುವುದು ನಮ್ಮ ಮನೆಯ ಪದ್ಧತಿ. ಅಡುಗೆ ಎಣ್ಣೆ, ತಲೆಗೆ ಹಚ್ಚುವ ಎಣ್ಣೆ ಎಲ್ಲವೂ ಒಣಗಿದ ಮೇಲೆ ಅಂಟಾಗಿ ಕೀಲುಗಳನ್ನು ಹಿಡಿದುಬಿಡುತ್ತವೆ. ಹೊಲಿಗೆ ಮೆಷಿನ್ನಿಗೆಂದೇ ಮಾರುವ ತೆಳುವಾದ ಎಣ್ಣೆಯ ಸಣ್ಣ ಸೀಸೆ ಸಿಗುತ್ತದೆ, ಅದನ್ನೇ ಬಿಡಬೇಕು. ಅವರು ಭಾಗಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಶಟಲ್‌ನ, ಅಂದರೆ ಸೂಜಿಯ ಕೆಳಗೆ ಆಡುತ್ತಾ ಎರಡು ದಾರವನ್ನೂ ಹೆಣೆಯುವ ಭಾಗದ, ಕೊಕ್ಕೆಯ ತುದಿ ಮೊಂಡಾಗಿತ್ತು. ಹಾಗಿದ್ದರೆ ಮೇಲಿನ ದಾರ ಹಿಡಿಯಲಾಗದೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದಂತೆ. ಹೊಸ ಶಟಲ್ "ನಾಳೆ ಬರುತ್ತೆ" ಅಂದವರು ನಾಳೆ ನಾಳೆ ಅಂತ ನನ್ನನ್ನು ಸಾಕಷ್ಟು ತಿರುಗಿಸಿದರು. ಕೊನೆಗೆ ಸರ್ವೀಸು, ಶಟಲ್, ಚರ್ಮದ ಬೆಲ್ಟ್ ಎಲ್ಲ ಸೇರಿ ಒಂಬೈನೂರು ರೂಪಾಯಿ ಆಯಿತು.

ಮೆಷಿನ್ ಬಿಡಿಸಿಕೊಳ್ಳಲು ಹೋಗುವಾಗ ಮನೆಯಿಂದಲೇ ಎರಡು ಚೂರು ಬಟ್ಟೆ ತೆಗೆದುಕೊಂಡು ಹೋಗಿ, ಒಂದು ತೆಳ್ಳಗಿನದು, ಒಂದು ಪ್ಯಾಂಟಿನದು. ಅಂಗಡಿಯವರ ಬಟ್ಟೆಯಲ್ಲಿ ಎಲ್ಲ ಮೆಷಿನ್ನೂ ಚೆನ್ನಾಗಿ ಹೊಲಿಯುತ್ತದೆ. ನಿಮ್ಮ ಬಟ್ಟೆಯಲ್ಲಿ, ನಿಮ್ಮ ಕೈಯಲ್ಲೇ ಹೊಲಿದು ನೋಡಿ. ಯಾವ ಭಾಗ ಹಾಕಿದರು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸೂಜಿ ಕೂತಿರುವುದನ್ನು, ದಾರ ಹಾಯುವ ದಾರಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಮನೆ ಮೆಷಿನ್ನಿನ ಸೂಜಿಯ ಬುಡದಲ್ಲಿ ಒಂದು ಬದಿ ಚಪ್ಪಟೆ ಇರುತ್ತದೆ, ಅದು ತಿರುಗುಮುರುಗಾಗಿ ಕೂತರೆ ಹೊಲಿಗೆಯೇ ಬೀಳುವುದಿಲ್ಲ. ಮುಂದೆ ಸೂಜಿ ಮುರಿದಾಗ ನನಗೆ ದಾರಿ ತೋರಿಸಿದ್ದು ಆ ಫೋಟೊವೇ.

ಇಷ್ಟರಲ್ಲಿ ಯಾರೋ "ಸರ್ಕಾರದಿಂದ ಮೆಷಿನ್ ಫ್ರೀ ಕೊಡ್ತಾರಂತೆ, ನೀವ್ಯಾಕೆ ದುಡ್ಡು ಹಾಕ್ತೀರಿ?" ಅಂದರು. ಅವರು ಹೇಳಿದ್ದು ಪಿಎಂ ವಿಶ್ವಕರ್ಮ ಯೋಜನೆಯ ವಿಷಯ. 2023ರ ಸೆಪ್ಟೆಂಬರ್ 17ರಂದು ಶುರುವಾದ ಯೋಜನೆ, ಹದಿನೆಂಟು ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಆದರೆ ಅದು ಹೊಲಿಗೆಯಿಂದಲೇ ದುಡಿಯುವವರಿಗೆ, ನನ್ನಂತೆ ಮನೆಮಟ್ಟಿಗೆ ಹೊಲಿಯುವವರಿಗಲ್ಲ. ಮನೆಯಲ್ಲಿ ಸರ್ಕಾರಿ ನೌಕರರಿದ್ದರೂ ಆಗುವುದಿಲ್ಲ, ನಮ್ಮನೆಯವರು ಸರ್ಕಾರಿ ಕೆಲಸದಲ್ಲೇ ಇದ್ದಾರೆ. ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿದು ಸಂಸಾರ ತೂಗಿಸುವ ಅಕ್ಕ ಒಬ್ಬರಿದ್ದಾರೆ. ಅವರಿಗಾದರೂ ಆಗಲಿ ಅಂತ ಜೊತೆಗೆ ಹೋದೆ, ಆಮೇಲೆ ಅದೇ ಒಂದು ಸಾಹಸವಾಯಿತು.

ಅರ್ಜಿ ಹಾಕುವುದು ಸಾಮಾನ್ಯ ಸೇವಾ ಕೇಂದ್ರದಲ್ಲಿ. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್ ಬೇಕು. ಅಕ್ಕನ ಆಧಾರಿಗೆ ಜೋಡಿಸಿದ್ದ ನಂಬರು ಯಾವತ್ತೋ ಬಿಟ್ಟ ಸಿಮ್‌ನದು, ಅದನ್ನು ಬದಲಿಸಲು ಬೇರೆ ಕಡೆ ಸರತಿ. ಮತ್ತೆ ಬಂದರೆ ಬೆರಳಚ್ಚು ಓದುತ್ತಿಲ್ಲ. ಬೆರಳು ಒರೆಸಿ, ಒತ್ತಿ, ಬೇರೆ ಬೆರಳು ಕೊಟ್ಟು, ಕೊನೆಗೂ ಯಂತ್ರ ಒಪ್ಪಿತು. ಒಂದು ಸಂಸಾರದಿಂದ, ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳಲ್ಲಿ, ಒಬ್ಬರಿಗೆ ಮಾತ್ರ. ಸಣ್ಣ ಉದ್ಯಮಗಳಿಗೆ ಸಾಲ ಕೊಡಿಸುವ ಮುದ್ರಾದಂಥ ಸರ್ಕಾರಿ ಯೋಜನೆಯಲ್ಲಿ ತೆಗೆದ ಸಾಲ ತೀರದೆ ಉಳಿದಿದ್ದರೆ ಅದೂ ಅಡ್ಡ ಬರುತ್ತದೆ, ಮೊದಲೇ ನೋಡಿಕೊಳ್ಳಿ. ಅರ್ಜಿ ಮೂರು ಹಂತದ ಪರಿಶೀಲನೆ ದಾಟಬೇಕು. ನಗರದಲ್ಲಾದರೆ ನಗರದ ಸ್ಥಳೀಯ ಸಂಸ್ಥೆಯಿಂದ ಶುರು, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯಿಂದ, ಆಮೇಲೆ ಜಿಲ್ಲಾ ಸಮಿತಿ, ಕೊನೆಗೆ ಸ್ಕ್ರೀನಿಂಗ್ ಸಮಿತಿ. ದಾಟಿದರೆ ಐದರಿಂದ ಏಳು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗಿನ ಇ-ವೋಚರ್ (ಮೊಬೈಲಿಗೆ ಬರುವ ಕೂಪನ್). ಅಂದರೆ "ಮೆಷಿನ್ ಫ್ರೀ ಮನೆಗೆ ಬರುತ್ತೆ" ಅನ್ನುವ ಮಾತು ಅಷ್ಟು ಸರಿಯಲ್ಲ. ಬೇಕಾದವರಿಗೆ ಶೇಕಡಾ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷದವರೆಗೆ ಸಾಲವೂ ಇದೆ. ಅಕ್ಕ ಇನ್ನೂ ಮೆಸೇಜಿಗೆ ಕಾಯುತ್ತಿದ್ದಾರೆ. ಹೊಲಿಗೆಯನ್ನು ಬೇರಿನಿಂದ ಕಲಿತು ದುಡಿಯಬೇಕು ಅನ್ನುವ ಹೆಣ್ಣುಮಕ್ಕಳು ಮೈಸೂರಿನ ರುಡ್‌ಸೆಟ್ ಸಂಸ್ಥೆಯಲ್ಲೂ ವಿಚಾರಿಸಬಹುದು, ಅಲ್ಲಿ ಊಟ ವಸತಿಯೊಂದಿಗೆ ಉಚಿತ ತರಬೇತಿ ಕೊಡುತ್ತಾರೆ.

ಇನ್ನು ನಮ್ಮ ಮನೆಯ ಕಥೆ.

ಮೊದಲ ವಾರ ನಾನು ಬಟ್ಟೆಯನ್ನೇ ಮುಟ್ಟಲಿಲ್ಲ. ಸೂಜಿಗೆ ದಾರ ಪೋಣಿಸದೆ, ಮಗನ ಹಳೇ ನೋಟ್‌ಬುಕ್ಕಿನ ಹಾಳೆ ಇಟ್ಟು ಗೆರೆಯ ಮೇಲೆ ತುಳಿದೆ. ತುಳಿಯುವ ಮೆಷಿನ್ನಿನಲ್ಲಿ ಕಷ್ಟವಿರುವುದು ಕಾಲಿನಲ್ಲಿ. ನಿಲ್ಲಿಸಿ ಮತ್ತೆ ಶುರುಮಾಡುವಾಗ ಚಕ್ರ ಹಿಂದಕ್ಕೆ ತಿರುಗಿಬಿಡುತ್ತದೆ, ಆಗ ದಾರ ತುಂಡಾಗುತ್ತದೆ ಇಲ್ಲವೇ ಸಿಕ್ಕಾಗುತ್ತದೆ. ಬಲಗೈಯಿಂದ ಚಕ್ರವನ್ನು ನಮ್ಮ ಕಡೆಗೆ ಒಂದು ಸುತ್ತು ತಿರುಗಿಸಿ, ಆಮೇಲೆ ಕಾಲು ಕೊಡಬೇಕು. ಹಾಳೆಯ ತೂತುಗಳು ಗೆರೆ ಬಿಡದೆ ಬಂದ ದಿನ ದಾರ ಪೋಣಿಸಿ. ಕಾಗದ ಹೊಲಿದ ಸೂಜಿ ಮೊಂಡಾಗುತ್ತದೆ, ಬಟ್ಟೆಗೆ ಹೊಸದು ಹಾಕಿ. ಸಾಮಾನ್ಯ ಕಾಟನ್ನಿಗೆ 14, ಪ್ಯಾಂಟಿನ ಬಟ್ಟೆಗೆ 16 ನಂಬರ್ ಸಾಕು.

ಬಟ್ಟೆಯ ಅಡಿಯಲ್ಲಿ ದಾರ ಗೊಂಚಲಾದರೆ ಎಲ್ಲರೂ ಬಾಬಿನ್ನನ್ನು ಬೈಯುತ್ತಾರೆ. ಬಹಳ ಸಲ ತಕರಾರು ಮೇಲಿನ ದಾರದ್ದೇ: ಅದು ಟೆನ್ಷನ್ ಬಿಲ್ಲೆಗಳ, ಅಂದರೆ ದಾರವನ್ನು ಬಿಗಿಯಾಗಿ ಹಿಡಿಯುವ ಎರಡು ಪುಟ್ಟ ತಟ್ಟೆಗಳ, ನಡುವೆ ಕೂತಿರುವುದಿಲ್ಲ. ಬಟ್ಟೆ ಒತ್ತುವ ಕಾಲನ್ನು ಮೇಲಕ್ಕೆತ್ತಿ, ಮೊದಲಿನಿಂದ ದಾರ ಹಾಯಿಸಿ, ಶುರುವಿನ ನಾಲ್ಕು ಹೊಲಿಗೆಗೆ ಎರಡೂ ದಾರದ ತುದಿ ಹಿಡಿದುಕೊಂಡರೆ ಅರ್ಧ ಕಾಟ ಅಲ್ಲಿಗೆ ಮುಗಿಯುತ್ತದೆ.

ಕುಟುಂಬಕ್ಕೆ ಹೊಲಿಯುವವರು ಹೊಸ ಚೂಡಿದಾರದಿಂದ ಶುರುಮಾಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇರುವುದನ್ನು ಸರಿಮಾಡುವುದರಿಂದ ಶುರುವಾಗಲಿ. ಬಿಚ್ಚಿದ ನೈಟಿಯ ಬದಿ ಹೊಲಿಯುವಾಗ ಅಂಗಡಿಯವರು ಎಷ್ಟು ಒಳಬಟ್ಟೆ ಬಿಟ್ಟಿದ್ದಾರೆ, ಕಂಕುಳ ಕೆಳಗೆ ಏಕೆ ಎರಡು ಸಾಲು ಹಾಕಿದ್ದಾರೆ ಅಂತ ಕಣ್ಣಿಗೇ ಕಾಣುತ್ತದೆ. ಆಮೇಲೆ ದಿಂಬಿನ ಕವರು. ನಮ್ಮ ದಿಂಬು 17 ಇಂಚು ಅಗಲ, 27 ಇಂಚು ಉದ್ದ. ಅಗಲಕ್ಕೆ ಒಂದು ಇಂಚು ಸೇರಿಸಿ 18, ಉದ್ದಕ್ಕೆ 27ರ ಎರಡರಷ್ಟು, ಬಾಯಿ ಮುಚ್ಚುವ ಮಡಿಕೆಗೆ 6, ಎರಡು ತುದಿಯ ಮಡಿಕೆಗೆ 2, ಒಟ್ಟು 62 ಇಂಚು. 36 ಇಂಚು ಪನ್ನದ (ಅಗಲದ) ಬಟ್ಟೆ 1.6 ಮೀಟರ್ ತಂದರೆ ಎರಡು ಕವರ್ ಆಗುತ್ತವೆ. ಗುಂಡಿ ಬೇಡ, ಜಿಪ್ ಬೇಡ. ಕಾಟನ್ ಆದರೆ ರಾತ್ರಿ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆಯೇ ಕತ್ತರಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕವರು ಕುಗ್ಗಿ ದಿಂಬು ಹೊರಗೆ ಇಣುಕುತ್ತದೆ.

ಮಗಳು ಇಷ್ಟೂ ದಿನ ಮೆಷಿನ್ನಿನ ಪಕ್ಕ ನಿಂತು "ಅಮ್ಮಾ, ನಂಗೆ ಯಾವಾಗ?" ಅಂತ ಕೇಳುತ್ತಿದ್ದಳು. ಕಾಲು ಪೆಡಲಿಗೆ ಎಟುಕುವುದಿಲ್ಲ, ಸೂಜಿ ಕೊಟ್ಟರೆ ಭಯ. ಮೊದಲು ರಟ್ಟಿಗೆ ತೂತು ಮಾಡಿ ಉಲ್ಲನ್ ದಾರ ಹಾಯಿಸಲು ಕೊಟ್ಟೆ, ಅರ್ಧ ಗಂಟೆಯಲ್ಲಿ ಬೇಜಾರಾಯಿತು. "ಇದು ಎಲ್‌ಕೆಜಿ ಅಮ್ಮ" ಅಂದಳು. ಸರಿ, ಗೋಣಿತಾಟು ಕೊಟ್ಟೆ. ಅದರ ನೇಯ್ಗೆ ಬಿಡಿಬಿಡಿ, ತುದಿ ಮೊಂಡಾದ ದಪ್ಪ ಸೂಜಿ ಸಲೀಸಾಗಿ ಹಾಯುತ್ತದೆ, ಉಲ್ಲನ್ ಹೊಲಿಗೆ ಎದ್ದು ಕಾಣುತ್ತದೆ. ಇದು ಹಿಡಿಸಿತು. ಮುಂದಿನ ಹಂತ ಅಪ್ಪನ ಹಳೇ ಚೌಕಳಿ ಲುಂಗಿ. ಚೌಕದ ಗೆರೆಯೇ ಅವಳಿಗೆ ಸ್ಕೇಲು: ಒಂದು ಚೌಕ ಮೇಲೆ, ಒಂದು ಚೌಕ ಕೆಳಗೆ ಅಂದರೆ ಓಟದ ಹೊಲಿಗೆ ತಾನಾಗಿಯೇ ಸಮವಾಗಿ ಬರುತ್ತದೆ. ದಾರ ಮಗುವಿನ ಒಂದು ಮೊಳದಷ್ಟೇ ಇರಲಿ. ಉದ್ದವಾದರೆ ಗಂಟು, ಗಂಟಾದರೆ ಅಳು. ಎರಡೆಳೆ ಮಾಡಿ ತುದಿಗೆ ಗಂಟು ಹಾಕಿದರೆ ಸೂಜಿಯಿಂದ ದಾರ ಜಾರುವುದಿಲ್ಲ.

ನಾನು ಎಣಿಸದೇ ಇದ್ದ ತೊಡಕು ಬೇರೆ ಇತ್ತು. ಮಗಳು ಎಡಚಿ. ಬರೆಯುವುದು ಎಡಗೈಯಲ್ಲಿ, ಶಾಲೆಯಲ್ಲಿ ಯಾರೂ ಆಕ್ಷೇಪಿಸಿಲ್ಲ. ಆದರೆ ಸೂಜಿ ಎಡಗೈಗೆ ಬಂದ ಕೂಡಲೇ ಅತ್ತೆ, "ಸೂಜೀನಾದ್ರೂ ಬಲಗೈಲಿ ಹಿಡೀಲಿ ಕಣಮ್ಮ, ಹೆಣ್ಣುಮಗು" ಅಂದರು. ಮಗಳು ಬಲಗೈಗೆ ಬದಲಿಸಿದಳು, ಹೊಲಿಗೆ ಎತ್ತೆತ್ತಲೋ ಹೋಯಿತು, ಬೆರಳಿಗೆ ಚುಚ್ಚಿಕೊಂಡು ಸೂಜಿಯನ್ನು ಎಸೆದಳು. ಆ ಸಂಜೆ ಸೂಜಿ ಸಿಗುವವರೆಗೆ ಯಾರೂ ಚಾಪೆ ಹಾಸಲಿಲ್ಲ. ಅತ್ತೆಯ ಜೊತೆ ವಾದಕ್ಕೆ ನಿಲ್ಲಲಿಲ್ಲ ನಾನು. ಮಾರನೇ ದಿನ ಮಗಳ ಪಕ್ಕ ಕೂರುವ ಬದಲು ಎದುರಿಗೆ ಕೂತೆ. ನನ್ನ ಬಲಗೈ ಏನು ಮಾಡುತ್ತದೋ ಅದನ್ನು ಅವಳ ಎಡಗೈ ಕನ್ನಡಿಯಲ್ಲಿ ನೋಡಿದಂತೆ ಮಾಡುತ್ತಾ ಹೋಯಿತು. ನಾನು ಬಲದಿಂದ ಎಡಕ್ಕೆ, ಅವಳು ಎಡದಿಂದ ಬಲಕ್ಕೆ. ಎಡಚ ಮಕ್ಕಳಿರುವ ಮನೆಯವರು ಈ ಒಂದು ಉಪಾಯ ನೆನಪಿಟ್ಟುಕೊಂಡರೂ ಸಾಕು.

ಕತ್ತರಿ ಮಾತ್ರ ಉಪಾಯಕ್ಕೆ ಬಗ್ಗಲಿಲ್ಲ. ಸಾಮಾನ್ಯ ಕತ್ತರಿಯ ಅಲಗುಗಳನ್ನು ಬಲಗೈ ಒತ್ತಿದಾಗ ಒಂದಕ್ಕೊಂದು ತಾಗುವಂತೆ ಜೋಡಿಸಿರುತ್ತಾರೆ. ಎಡಗೈಯಲ್ಲಿ ಹಿಡಿದರೆ ಅವು ದೂರ ಸರಿದು ಬಟ್ಟೆಯನ್ನು ಅಗಿಯುತ್ತವೆ, ಕತ್ತರಿಸುವುದಿಲ್ಲ. ಮಗುವಿಗೆ ಕೈಲಾಗುವುದಿಲ್ಲ ಅಂದುಕೊಳ್ಳುತ್ತೇವೆ, ಕುಂದು ಇರುವುದು ಕತ್ತರಿಯಲ್ಲಿ. ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರ್ಕೆಟ್ಟಿನ ಆಸುಪಾಸಿನಲ್ಲಿ ಕೇಳಿದ ಅಂಗಡಿಗಳಲ್ಲೆಲ್ಲ "ಎಡಗೈದಾ?" ಅಂತ ನನ್ನ ಮುಖ ನೋಡಿದರು. ಕೊನೆಗೆ ಆನ್‌ಲೈನಿನಲ್ಲಿ ಮಕ್ಕಳ ಎಡಗೈ ಕತ್ತರಿ ತರಿಸಿದೆ, ಬರಲು ವಾರ ಮೀರಿತು. ಅದು ಬಂದ ದಿನ ಮನೆಯ ಹಳೇ ಕ್ಯಾಲೆಂಡರ್ ಹಾಳೆಗಳೆಲ್ಲ ಚೂರಾದವು.

ಸೂಜಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಂದೇ ಕಾನೂನು: ತೆಗೆದಾಗ ಎಣಿಸಬೇಕು, ಇಡುವಾಗ ಎಣಿಸಬೇಕು. ಅವಳು ಹೊಲಿದ ಮೊದಲ ನಿಜವಾದ ವಸ್ತುವೂ ಸೂಜಿ ಚುಚ್ಚಿಡುವ ಪುಟ್ಟ ದಿಂಬು, ಒಳಗೆ ಬೂರುಗದ ಹತ್ತಿ. ಮೂಲೆ ಸೊಟ್ಟ, ಒಂದು ಕಡೆ ಹತ್ತಿ ಹೊರಗೆ. ನಾನು ಅದನ್ನು ಬಿಚ್ಚಿ ಸರಿಮಾಡಲಿಲ್ಲ. ದಿನವೂ ಅದನ್ನೇ ಬಳಸುತ್ತಿದ್ದೇನೆ. ಹತ್ತಿ ಉದುರುವುದನ್ನು ನೋಡಿ ಅವಳೇ ಒಂದು ದಿನ ಬಾಯಿಗೆ ಇನ್ನೊಂದು ಸಾಲು ಹಾಕಿದಳು.

ಮೆಷಿನ್ನಿಗೆ ಕಾಲು ಎಟುಕದ್ದಕ್ಕೆ ಪರಿಹಾರ ಹೇಳಿದವರು ರಿಪೇರಿ ಯಜಮಾನರೇ. ಕಪ್ಪು ತಲೆಯ ಮೆಷಿನ್ನುಗಳಿಗೆ ಚಕ್ರದ ಬಳಿ ಕೂರಿಸುವ ಕೈಹಿಡಿ ಸಿಗುತ್ತದೆ, ನನಗೆ ನಾನೂರು ರೂಪಾಯಿ ಬಿತ್ತು. ಬೆಲ್ಟ್ ಕಳಚಿ ಅದನ್ನು ಕೂರಿಸಿದರೆ ಕೈ ಮೆಷಿನ್. ಮಕ್ಕಳಿಗೆ ಕರೆಂಟ್ ಮೆಷಿನ್ನಿಗಿಂತ ಇದೇ ವಾಸಿ ಅನ್ನುತ್ತೇನೆ, ಕೈ ನಿಂತರೆ ಸೂಜಿಯೂ ನಿಲ್ಲುತ್ತದೆ. ಇಲ್ಲಿ ಎಡಚಿಯಾಗಿದ್ದು ಅನುಕೂಲಕ್ಕೇ ಬಂತು. ಹಿಡಿ ಇರುವುದು ಬಲಕ್ಕೆ, ಬರೀ ತಿರುಗಿಸುವ ಒರಟು ಕೆಲಸ ಬಲಗೈಯದು. ಬಟ್ಟೆಗೆ ದಾರಿ ತೋರಿಸುವ ನಾಜೂಕಿನ ಕೆಲಸ ಎಡಗೈಯದು. ಅವಳ ಗೆರೆ ನನ್ನದಕ್ಕಿಂತ ನೆಟ್ಟಗೆ ಬರುವುದನ್ನು ಅತ್ತೆ ಕನ್ನಡಕ ಏರಿಸಿ ನೋಡಿದರು, ಏನೂ ಅನ್ನಲಿಲ್ಲ. ಆಮೇಲೆ ತಮ್ಮ ಲಂಗದ ಲಾಡಿ ಪಟ್ಟಿ ಹೊಲಿಯಲು ಅವಳಿಗೇ ಕೊಟ್ಟರು.

ಅಭ್ಯಾಸದ ಬಟ್ಟೆಗೆ ಖರ್ಚು ಮಾಡಬೇಡಿ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಬರುವ, ನಾವೂ ಮುಂದಿನ ಮನೆಗೆ ದಾಟಿಸುವ ರವಿಕೆ ಕಣಗಳು ಬೀರುವಿನಲ್ಲಿ ರಾಶಿ ಇರುತ್ತವಲ್ಲ, ಅವು ಸಾಕು. ದಸರಾ ಹತ್ತಿರ ಬಂದಾಗ ಆ ಕಣಗಳಿಂದಲೇ ಮಗಳು ಗೊಂಬೆಗಳಿಗೆ ಹೊಲಿಯಲು ಕೂತಳು. ಪಟ್ಟದ ಗೊಂಬೆಯ ರಾಣಿಗೆ ನೆರಿಗೆ ಲಂಗ, ರಾಜನಿಗೆ ಶಲ್ಯ. ನೆರಿಗೆಗೆ ಸೊಂಟದ ಸುತ್ತಳತೆಯ ಎರಡೂವರೆಯಷ್ಟು ಬಟ್ಟೆ ಬೇಕು ಅಂದರೆ ಟೇಪು ಹಿಡಿದು ತಾನೇ ಲೆಕ್ಕ ಹಾಕಿದಳು. ಒಂದು ಸಾಲು ಓಟದ ಹೊಲಿಗೆ ಹಾಕಿ ದಾರ ಎಳೆದಾಗ ಬಟ್ಟೆ ಸುರುಟಿಕೊಂಡು ನೆರಿಗೆಯಾಗುವುದನ್ನು ನೋಡಿ ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತೆಗೆದರು. ಲಂಗದ ಹಿಂಬದಿ ತೆರೆದೇ ಇತ್ತು, ಪಿನ್ನು ಹಾಕಿದೆವು. ಗೊಂಬೆ ನೋಡಲು ಬಂದವರಿಗೆ ಮುಂಬದಿ ಮಾತ್ರ ಕಾಣುತ್ತದೆ.

ಅದೇ ಹಬ್ಬಕ್ಕೆ ಅವಳಿಗೆ ನನ್ನ ಹಳೇ ಸೀರೆಯ ಜರಿಲಂಗ ನಾನು ಹೊಲಿದೆ. ಕೆಳಗೆ ಮೂರು ಮಡಿಕೆ ಹಿಡಿದಿದ್ದೇನೆ, ಬೆಳೆದಂತೆ ಒಂದೊಂದೇ ಬಿಚ್ಚಬಹುದು. ಬಿಚ್ಚಿದಾಗ ಹಳೇ ಮಡಿಕೆಯ ಗೆರೆ ಉಳಿಯುತ್ತದೆ. ಕಾಟನ್ನಿನಲ್ಲಾದರೆ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಒರೆಸಿ ಇಸ್ತ್ರಿ ಮಾಡಿದರೆ ಬಹಳಷ್ಟು ಹೋಗುತ್ತದೆ. ಬಣ್ಣ ಮಾಸಿದ ಗೆರೆ ಹೋಗುವುದಿಲ್ಲ, ಅದರ ಮೇಲೆ ಲೇಸು ಹೊಲಿಯುವುದೊಂದೇ ದಾರಿ. ಜರಿ ಇದ್ದರೆ ವಿನೆಗರ್ ಮುಟ್ಟಿಸಬೇಡಿ.

ಖರ್ಚು ಕೇಳುವವರಿಗೆ: ರಿಪೇರಿ, ಕೈಹಿಡಿ, ದೊಡ್ಡ ಕತ್ತರಿ, ಎಡಗೈ ಕತ್ತರಿ, ಸೂಜಿ, ದಾರ, ಟೇಪು, ಬಟ್ಟೆಗೆ ಗುರುತು ಹಾಕುವ ಚಾಕ್, ಎಣ್ಣೆ ಎಲ್ಲ ಸೇರಿ ಎರಡೂವರೆ ಸಾವಿರದ ಹತ್ತಿರ ಹೋಗಿದೆ. ಟೆಂಪೋದವನು ದುಡ್ಡು ತೆಗೆದುಕೊಳ್ಳಲಿಲ್ಲ, ಊಟ ಮಾಡಿ ಹೋದ. ಓವರ್‌ಲಾಕ್ (ಬಟ್ಟೆಯ ಅಂಚಿನ ಎಳೆ ಬಿಚ್ಚದಂತೆ ಹಾಕುವ ಹೊಲಿಗೆ), ಪಿಕೋ (ಸೀರೆಯ ಅಂಚಿನ ಸಣ್ಣ ಹೊಲಿಗೆ) ಈಗಲೂ ಹೊರಗೇ ಮಾಡಿಸುತ್ತೇವೆ, ಅದಕ್ಕೆಂದು ಬೇರೆ ಮೆಷಿನ್ ಕೊಳ್ಳುವಷ್ಟು ಕೆಲಸ ನಮ್ಮಲ್ಲಿಲ್ಲ. ರೇಷ್ಮೆ ಸೀರೆಯ ಬ್ಲೌಸೂ ಟೈಲರ್ ಹತ್ತಿರವೇ. ಮಗ ತನ್ನ ಪ್ಯಾಂಟಿನ ಉದ್ದ ತಂಗಿಯ ಕೈಗೆ ಕೊಡಲು ಇನ್ನೂ ಒಪ್ಪಿಲ್ಲ. ಗುಂಡಿ ಹಾಕಿಸಿಕೊಳ್ಳುತ್ತಾನೆ, ಒಂದಕ್ಕೆ ಎರಡು ರೂಪಾಯಿ ಅಂತ ಮಾತಾಗಿದೆ.